ವಾಗ್ದಾನದ ಕಾರ್ಡು ವಾಪಸ್

"ಅದನ್ನ ಮುಟ್ಟಿದಿ ಅಂದ್ರ ಕೈ ಮುರೀತೀನಿ ನೋಡು!"

ಅಜ್ಜಿಯ, ಅಂದರೆ ಆಯಿಯ ದನಿ ಕೇಳಿ ಸಲೋಮಿ ಕೈ ಹಿಂದಕ್ಕೆಳೆದುಕೊಂಡಳು. ಸ್ಟೂಲಿನ ಮೇಲೆ ನಿಂತು ಸುಣ್ಣ ಹಚ್ಚುತ್ತಿದ್ದ ಅಪ್ಪನ ಕುಂಚದಿಂದ ಒಂದು ಹನಿ ಅವಳ ಮೂಗಿನ ಮೇಲೆ ಬಿತ್ತು.

ಗೋಡೆಯ ಮೇಲಿದ್ದ ಸಾಮಾನೆಲ್ಲ ಕೆಳಗಿಳಿದಿತ್ತು. ಕ್ಯಾಲೆಂಡರ್, ಕನ್ನಡಿ, ಅಪ್ಪ ಅವ್ವನ ಮದುವೆಯ ಫೋಟೋ. ಉಳಿದದ್ದು ಪ್ಲಾಸ್ಟಿಕ್ ಚೌಕಟ್ಟಿನೊಳಗಿನ ವಾಗ್ದಾನದ ಕಾರ್ಡು ಒಂದೇ.

"ನಾ ಏನ್ ಒಡೀಲಿಕತ್ತಿದ್ದಿಲ್ಲ ಆಯಿ. ಒಲಿಗಿ ಹಾಕ್ಲಿಕತ್ತಿದ್ದೆ, ಅಷ್ಟೇ."

"ಏನಂದಿ?"

"ಏನಿಲ್ಲ."

ಆಯಿ ತಾನೇ ಬಂದು ಕಾರ್ಡು ಇಳಿಸಿದಳು. ಸೆರಗಿನಿಂದ ಧೂಳು ಒರೆಸಿ ಗೋಡೆಯ ಗೂಡಿನಲ್ಲಿಟ್ಟು, ಬಕೆಟ್ ಹಿಡಿದು ಹಿತ್ತಲಿಗೆ ಹೋದಳು.

ಅವರ ಚರ್ಚಿನಲ್ಲಿ ಪ್ರತಿ ವರ್ಷ ಡಿಸೆಂಬರ್ ಮೂವತ್ತೊಂದರ ಪ್ರಾರ್ಥನೆ ಮುಗಿದ ಮೇಲೆ ಪಾಸ್ಟರ್ ಒಂದು ಸ್ಟೀಲಿನ ತಟ್ಟೆ ಹಿಡಿದು ನಿಲ್ಲುತ್ತಾರೆ. ತಟ್ಟೆಯ ತುಂಬ ಕಾರ್ಡು, ಎಲ್ಲವೂ ಬೋರಲು. ಪ್ರತಿ ಮನೆಯ ಕಿರಿಯರು ಹೋಗಿ ಒಂದೊಂದು ಎತ್ತಬೇಕು. ಅದರ ಮೇಲಿರುವ ವಚನವೇ ಆ ಮನೆಗೆ ಮುಂದಿನ ಇಡೀ ವರ್ಷಕ್ಕೆ ದೇವರು ಕೊಟ್ಟ ಮಾತು.

ಹೋದ ವರ್ಷ ಎತ್ತಿದವಳು ಸಲೋಮಿಯೇ. ಕಾರ್ಡಿನಲ್ಲಿ ಎರಡು ಹಂಸಗಳ ಚಿತ್ರವಿತ್ತು. ಕೆಳಗೆ, ಕೇಡು ಎಂಬುದು ಈ ಮನೆಯ ಹತ್ತಿರಕ್ಕೂ ಸುಳಿಯುವುದಿಲ್ಲ ಎಂಬ ಮಾತಿತ್ತು. ಎಲ್ಲರೂ ಹಿಗ್ಗಿದರು. ಆಯಿಯಂತೂ ಕಾರ್ಡಿಗೆ ಮುತ್ತು ಕೊಟ್ಟಿದ್ದಳು.

ಮಳೆಗಾಲದಲ್ಲಿ ಜಯಶೀಲ ಕಾಕಾನಿಗೆ ಕಾಮಣಿ ಆಯಿತು. ಮೊದಲು ಕಣ್ಣು ಹಳದಿಯಾದವು, ಆಮೇಲೆ ಮೈಯೆಲ್ಲ. ಹದಿನೈದೇ ದಿನಕ್ಕೆ ಕಾಕಾ ಹೋಗಿಬಿಟ್ಟ. ಆಯಿಯ ಕಿರಿಯ ಮಗ. ಕ್ರಿಸ್ಮಸ್ ಹಾಡಿನ ಗುಂಪಿನಲ್ಲಿ ಢೋಲಕ್ ಬಾರಿಸುತ್ತಿದ್ದವ. ಭಕ್ತಿಯ ಹಾಡಿನ ನಡುವೆ ಸಿನಿಮಾ ತಾಳ ಹಾಕಿ ಪಾಸ್ಟರರಿಂದ ಬೈಸಿಕೊಳ್ಳುತ್ತಿದ್ದವ.

ಕೇಡು ಹತ್ತಿರ ಸುಳಿದದ್ದಷ್ಟೇ ಅಲ್ಲ. ಒಳಗೆ ಬಂದು, ಚಾಪೆ ಹಾಸಿ ಕುಳಿತು, ಉಂಡು ಹೋಗಿತ್ತು. ಕಾರ್ಡಿನ ಹಂಸಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಗೋಡೆಯ ಮೇಲೆ ಈಜುತ್ತಲೇ ಇದ್ದವು.

ಆಗಿನಿಂದ ಆಯಿ ಮಾತು ಬಿಟ್ಟಂತೆಯೇ ಇದ್ದಳು. ಈ ವರ್ಷ ಹಬ್ಬ ಬೇಡ ಎಂದು ಅಪ್ಪ ಅವ್ವ ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ಆದರೆ ಡಿಸೆಂಬರ್ ಇಪ್ಪತ್ನಾಲ್ಕರ ಬೆಳಿಗ್ಗೆ, ಅಂದರೆ ಇವತ್ತು, ಆಯಿ ಎದ್ದವಳೇ, "ಗ್ವಾಡಿಗಿ ಸುಣ್ಣ ಹಚ್ಚು," ಎಂದಳು. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ರಜೆ ಹಾಕಿ ಅಪ್ಪ ಸ್ಟೂಲು ಹತ್ತಿದ.

ಸಲೋಮಿ ಗೂಡಿನಿಂದ ಕಾರ್ಡು ತೆಗೆದು, ಫ್ರಾಕಿನ ಮೇಲಿನ ಸ್ವೆಟರಿನೊಳಗೆ ತುರುಕಿಕೊಂಡು ಹೊರಗೆ ಬಂದಳು.

ಪಕ್ಕದ ಮನೆಯ ಚಾಂದ್ ಕಟ್ಟೆಯ ಮೇಲೆ ಕುಳಿತು ಶೇಂಗಾ ಒಡೆದು ತಿನ್ನುತ್ತಿದ್ದ. ಇಬ್ಬರದೂ ಐದನೇ ಕ್ಲಾಸು. ಚಾಂದ್‌ನ ಅಣ್ಣನಿಗೆ ಶಹಾಬಾದ್ ಸ್ಟೇಷನ್ ರೋಡಿನಲ್ಲಿ ಮೊಬೈಲ್ ಅಂಗಡಿಯಿತ್ತು. ಹಾಗಾಗಿ ವ್ಯಾಪಾರದ ವಿಷಯದಲ್ಲಿ ಚಾಂದ್ ತನ್ನನ್ನು ದೊಡ್ಡ ಪಂಡಿತನೆಂದೇ ತಿಳಿದಿದ್ದ.

"ಹೊಟ್ಟಿ ಯಾಕ ಚೌಕ ಆಗ್ಯಾದ ನಿಂದು?" ಎಂದು ಕೇಳಿದ.

ಸಲೋಮಿ ಕಾರ್ಡು ತೆಗೆದು ತೋರಿಸಿ ಎಲ್ಲ ಹೇಳಿದಳು. ಎಲ್ಲ ಅಂದರೆ ಒಂದು ಮಾತು ಬಿಟ್ಟು ಎಲ್ಲ.

ಚಾಂದ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದ. "ಎಷ್ಟ್ ದಿನದ ವಾರಂಟಿ?"

"ಒಂದ್ ವರ್ಷ. ಮೂವತ್ತೊಂದಕ್ಕ ಮುಗೀತದ."

ಚಾಂದ್ ಬೆರಳು ಮಡಿಸಿ ಎಣಿಸಿದ. "ಅರೇ, ಇನ್ನಾ ಏಳ್ ದಿನ ಅವ! ಲಗೂ ಓಡು. ಮಾಲು ಖರಾಬ್ ಬಂದ್ರ ಬದಲಿ ಕೊಡಬೇಕು. ತಾರೀಖ್ ದಾಟಿದ್ರ ಯಾರೂ ಕೇಳಂಗಿಲ್ಲ, ನಮ್ಮ ಭಾಯಿನೂ ಕೇಳಂಗಿಲ್ಲ. ಬಿಲ್ ಅದ ಏನು?"

"ದೇವ್ರ ಕಾರ್ಡಿಗಿ ಬಿಲ್ ಎಲ್ಲಿ ಇರ್ತದಲೇ?"

"ಹಂಗಾದ್ರ ಅಳು. ಬಿಲ್ ಇಲ್ಲದವ್ರು ಜೋರಾಗಿ ಅತ್ತರ ನಮ್ಮ ಭಾಯಿ ಬದಲಿ ಕೊಡ್ತಾನ."

ಚರ್ಚಿನ ಬಾಗಿಲಿಗೆ ನಿಚ್ಚಣಿಕೆ ಹಚ್ಚಿ ಪಾಸ್ಟರ್ ಶಿಮಿಯೋನಪ್ಪನವರು ನಕ್ಷತ್ರ ಕಟ್ಟುತ್ತಿದ್ದರು. ಲುಂಗಿ ಮೇಲಕ್ಕೆ ಕಟ್ಟಿದ್ದರು. ಬಾಯಲ್ಲಿ ವಾಯರಿನ ತುಂಡಿತ್ತು. ಭಾನುವಾರ ನೋಡಿದಷ್ಟು ದೊಡ್ಡವರಾಗಿ ಇವತ್ತು ಕಾಣಲಿಲ್ಲ.

"ಪಾಸ್ಟರ್, ಇದು ವಾಪಸ್ ತಗೋರಿ."

"ಮ್?"

"ವಾಗ್ದಾನದ ಕಾರ್ಡ್ರಿ. ಕೆಲಸ ಮಾಡ್ಲಿಲ್ಲ ಇದು."

ಪಾಸ್ಟರರ ಬಾಯಿಂದ ವಾಯರ್ ಕೆಳಗೆ ಬಿತ್ತು. ಅವರು ನಿಧಾನವಾಗಿ ಇಳಿದು ಬಂದು ಕಾರ್ಡು ಓದಿದರು. ಓದಿ, ನಿಚ್ಚಣಿಕೆಯ ಕೊನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಕಾಕಾನನ್ನು ಮಣ್ಣು ಮಾಡಿದ ದಿನ ಪ್ರಾರ್ಥನೆಯ ನಡುವೆ ಮಾತೇ ಹೊರಡದೆ ನಿಂತುಬಿಟ್ಟವರು ಇವರೇ.

"ಬದಲಿ ಕಾರ್ಡ್ ಬೇಕೇನವ್ವ?"

"ಕಾರ್ಡ್ ಬದಲಿ ಮಾಡಿದ್ರ ಕಾಕಾ ಬರ್ತಾನೇನ್ರಿ?"

ಪಾಸ್ಟರ್ ತಲೆ ಅಲ್ಲಾಡಿಸಿದರು. ಸಲೋಮಿ ಅಳಬೇಕೆಂದು ಚಾಂದ್ ಹೇಳಿದ್ದ. ಅದು ನೆನಪಿಗೆ ಬರುವ ಮೊದಲೇ ಅಳು ಬಂದುಬಿಟ್ಟಿತು. ಐದು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದ ಆ ಒಂದು ಮಾತೂ ಹೊರಗೆ ಬಂತು.

"ಪಾಸ್ಟರ್, ನಾ ಮೊದಲು ಬ್ಯಾರೇದು ಎತ್ತಿದ್ದೆರಿ. ಹಣಿಕಿ ನೋಡ್ದೆ. ಚಿತ್ರ ಇದ್ದಿದ್ದಿಲ್ಲ, ಬರೇ ಅಕ್ಷರ. ಅದನ್ನ ತಿರುಗಿ ಇಟ್ಟು ಹಂಸದ್ದು ತಗೊಂಡೆ. ಕಾಕಾ ಒಬ್ಬನೇ ನೋಡಿದ್ದ. ನೋಡಿ ಕಣ್ಣು ಹೊಡದ. ನಮಗ ಬರಬೇಕಾದ್ದು ಅದೇ ಇತ್ತೇನೋ. ಅದನ್ನ ತಗೊಂಡಿದ್ರ ಕಾಕಾ..."

ಅವಳು ಸ್ವೆಟರಿನ ತೋಳಿಗೆ ಮುಖ ಒತ್ತಿಕೊಂಡಳು.

ಪಾಸ್ಟರರ ಹುಬ್ಬು ಮೇಲೇರಿತು. "ಬರೇ ಅಕ್ಷರ ಅಂದ್ಯಾ? ಸುತ್ತಲೂ ಕೆಂಪು ಗೆರಿ ಇತ್ತೇನು?"

"ಇತ್ರಿ."

ಅವರು ಎದ್ದು ಒಳಗೆ ಹೋದರು. ಕಪಾಟು ತೆರೆದ ಸದ್ದು, ಏನೋ ಬಿದ್ದ ಸದ್ದು, ಒಂದು ಸೀನು. ಹೊರಗೆ ಬಂದಾಗ ಕೈಯಲ್ಲಿ ಕೆಂಪು ಗೆರೆಯ ಕಾರ್ಡಿತ್ತು. "ಇದೇನು?"

ಸಲೋಮಿ ಹತ್ತಿರ ಬಂದು ನೋಡಿದಳು. ಅದೇ. ಅವಳು ಓದಿದಳು: "ಮದುವೆ ಕಾರ್ಡು, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು. ಅರ್ಜೆಂಟ್ ಇದ್ದರೆ ಒಂದೇ ದಿನದಲ್ಲಿ ಮಾಡಿಕೊಡಲಾಗುವುದು."

"ಪ್ರೆಸ್ಸಿನವ್ರ ಜಾಹೀರಾತವ್ವ. ಬಂಡಲದಾಗ ಸೇರಿಸಿ ಕಳಿಸ್ಯಾರ. ನಾ ನೋಡ್ದೇ ತಾಟಿನ್ಯಾಗ ಸುರುವಿದ್ದೆ. ಎಲ್ಲರೂ ತಗೊಂಡ ಮ್ಯಾಲ ತಳದಾಗ ಇದು ಸಿಕ್ತು. ನೀ ಇದನ್ನ ಒಯ್ದಿದ್ರ ವರ್ಷ ಪೂರ್ತಿ ನಿಮ್ಮ ಮನ್ಯಾಗ ದೇವ್ರ ವಾಗ್ದಾನ ಅಂತ ಹ್ಯಾಂಡ್‌ಬಿಲ್ ಓದ್ತಿದ್ರಿ."

ಸಲೋಮಿಗೆ ನಗು ಬಂತು. ತಡೆಯಲು ಬಾಯಿ ಮುಚ್ಚಿಕೊಂಡರೆ ಮೂಗಿನಿಂದ ಬಂತು. ಪಾಸ್ಟರರೂ ಹೊಟ್ಟೆ ಕುಣಿಸಿ ನಕ್ಕರು. ನಗುನಗುತ್ತಲೇ ಇಬ್ಬರೂ ಕಣ್ಣು ಒರೆಸಿಕೊಂಡರು.

"ಅಂದ್ರ ನನ್ನ ತಪ್ಪಿಲ್ಲೇನ್ರಿ?"

"ಇಲ್ಲವ್ವ. ಒಂದ್ ಕಾಳಿನಷ್ಟೂ ಇಲ್ಲ."

"ಮತ್ತ ಯಾರ್ದರಿ?"

ಪಾಸ್ಟರ್ ಅರ್ಧ ಕಟ್ಟಿದ ನಕ್ಷತ್ರದ ಕಡೆ ನೋಡಿದರು. "ನನಗ ಗೊತ್ತಿಲ್ಲ."

"ನೀವು ಪಾಸ್ಟರ್ ಇದ್ದೀರಿ!"

"ಹೌದವ್ವ. ಆದ್ರೂ ಗೊತ್ತಿಲ್ಲ." ಅವರು ಹಂಸದ ಕಾರ್ಡನ್ನು ಅವಳ ಕೈಗೇ ಕೊಟ್ಟರು. "ಇದನ್ನ ನಾ ತಗೊಳಂಗಿಲ್ಲ. ನಿಮ್ಮ ಆಯಿಗಿ ಕೇಳ್ದೆ ತಂದೀದಿ ಅಂತ ಕಾಣಿಸ್ತದ. ಆಕಿ ಬಾಯಿಗಿ ಸಿಗೋ ಧೈರ್ಯ ನನಗಿಲ್ಲ."

ಸಲೋಮಿ ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಒಳಗೆಲ್ಲ ಹಸಿ ಸುಣ್ಣದ ವಾಸನೆ. ಗೂಡಿನಲ್ಲಿ ಕಾರ್ಡಿಡಲು ಕೈ ಎತ್ತಿದವಳು ಹಾಗೆಯೇ ನಿಂತಳು. ಹಿತ್ತಲಲ್ಲಿ ಆಯಿ ಯಾರನ್ನೋ ಬೈಯುತ್ತಿದ್ದಳು.

ಚಾಂದ್‌ನ ಅವ್ವ ತಾಜುನ್ನಿಸಾ ಖಾಲಾನ ಕೋಳಿ ಮತ್ತೆ ಬಂದಿರಬೇಕು ಎಂದುಕೊಂಡು ಸಲೋಮಿ ಹಿಂಬಾಗಿಲಿಂದ ಇಣುಕಿದಳು. ಕೋಳಿಯೂ ಇರಲಿಲ್ಲ, ಖಾಲಾನೂ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆಯಿ ಒಬ್ಬಳೇ ಕುಳಿತಿದ್ದಳು.

"ನಿನ್ನ ಮಗ ಹೋದಾಗ ನೀ ಎಷ್ಟ್ ದಿನ ತಡ್ಕೊಂಡಿ? ಮೂರ್ ದಿನ. ಮೂರೇ ದಿನ! ಎಬ್ಬಿಸಿ ಕರ್ಕೊಂಡಿ. ನನಗ ಐದ್ ತಿಂಗಳಾತು. ನಾ ಹ್ಯಾಂಗ ತಡ್ಕೊಳ್ಲಿ ಅಂತ ಒಂದ್ ದಿನಾರ ಕೇಳೀದೇನು? ಮ್ಯಾಲ ಒಳ್ಳೇವ ಅಂತ ಹೆಸರು ಬ್ಯಾರೆ!" ಆಯಿ ಮೂಗು ಒರೆಸಿಕೊಂಡಳು. "ಒಳ್ಳೇವ ಇದ್ದೀದಿ, ನನಗ ಗೊತ್ತದ. ಅದಕ್ಕೇ ಸಿಟ್ಟು ಬರ್ತದ. ಕೆಟ್ಟವ ಇದ್ದಿದ್ರ ನಿನ್ನ ಬಾಗಿಲಿಗಿ ಯಾರು ಬರ್ತಿದ್ರು?"

ಸಲೋಮಿಯ ಕಾಲಿಗೆ ತಾಗಿ ಚೊಂಬು ಉರುಳಿತು. ಆಯಿ ತಿರುಗಿ ನೋಡಿದಳು.

"ಯಾರಿಗಿ ಬೈಲಿಕತ್ತಿ ಆಯಿ?"

"ಇನ್ಯಾರಿಗಿ? ಅವನಿಗಿ." ಸುಣ್ಣ ಹತ್ತಿದ ಕೈಯಿಂದ ಆಯಿ ಮೇಲೆ ತೋರಿಸಿದಳು.

"ದೇವ್ರಿಗಿ ಬೈದ್ರ ಕಣ್ಣು ಹೋಗ್ತಾವಂತ. ಸಂಡೇ ಸ್ಕೂಲ್ ಟೀಚರ್ ಹೇಳ್ಯಾರ."

"ಐದ್ ತಿಂಗಳಿಂದ ದಿನಾ ಬೈಲಿಕತ್ತೀನಿ. ಮೊನ್ನಿ ಚಷ್ಮಾ ಇಲ್ದೇ ಸೂಜ್ಯಾಗ ದಾರ ಹಾಕೀನಿ." ಆಯಿಯ ಕಣ್ಣು ಅವಳ ಕೈಯ ಮೇಲೆ ಬಿತ್ತು. "ಅದನ್ನ ಎಲ್ಲಿಗಿ ಒಯ್ದಿದ್ದಿ?"

"ವಾಪಸ್ ಕೊಡ್ಲಿಕ್ಕ. ಸುಳ್ಳ ಅದ ಅದು. ಪಾಸ್ಟರ್ ತಗೊಳ್ಲಿಲ್ಲ."

ಹೊಡೆತ ಬೀಳುತ್ತದೆಂದು ಸಲೋಮಿ ಕಣ್ಣು ಮುಚ್ಚಿದಳು. ಬೀಳಲಿಲ್ಲ. ಆಯಿ ಕಾರ್ಡು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಹುಚ್ಚಿ. ಇದನ್ನ ಕೊಟ್ರ ನನ್ನ ಕೈಯಾಗ ಏನ್ ಉಳೀತದ? ಮಾತು ಕೊಟ್ಟಿದ್ದು ಅವ. ಬರ್ದು ಕೊಟ್ಟಾನ. ನಾ ಸತ್ತು ಅವನ ಮುಂದ ಹೋಗಿ ನಿಂತಾಗ, ಇದನ್ನೇ ಮುಖದ ಮುಂದ ಹಿಡ್ದು, ಇದೇನಪ್ಪ ಅಂತ ಕೇಳಾಕಿ ಇದ್ದೀನಿ. ಸಾಕ್ಷಿ ಬೇಕಲ್ಲ?"

ಸಲೋಮಿ ಬಾಯಿ ತೆರೆದುಕೊಂಡು ನೋಡಿದಳು. ಆಯಿ ಕಾರ್ಡನ್ನು ಅಷ್ಟು ಜೋಪಾನ ಮಾಡಿದ್ದು ಇದಕ್ಕೇನು!

"ಅವ ಏನಂತಾನ ಆಯಿ?"

"ಏನಂತಾನೋ ಯಾರಿಗಿ ಗೊತ್ತು. ಅವನಲ್ಲಿ ಏನರ ಇರ್ತದ ಹೇಳೋದು. ಇಲ್ದೇ ಬರ್ದು ಕೊಡಾವ ಅಲ್ಲ ಅವ." ಆಯಿ ಸರಿದು ಕಲ್ಲಿನ ಮೇಲೆ ಜಾಗ ಮಾಡಿದಳು. "ನಿನಗೂ ಏನರ ಕೇಳೋದದ ಏನು? ಕೇಳು. ನಂದು ಗಂಟಲು ಬಿದ್ದದ."

ಸಲೋಮಿ ಕುಳಿತು ತುಟಿ ಅಲ್ಲಾಡಿಸಿದಳು.

"ಏ, ಕಿವ್ಯಾಗ ಹೇಳ್ಲಿಕ್ಕ ಅವ ಏನ್ ನಿನ್ನ ಬಗಲಾಗ ಕುಂತಾನ? ಜೋರಾಗಿ ಕೇಳು."

ಸಲೋಮಿ ಜೋರಾಗಿ ಕೇಳಿದಳು. ಮೊದಲು ಕಾಕಾನ ಬಗ್ಗೆ. ಆಮೇಲೆ ಅಷ್ಟು ಔಷಧಿಯ ಬಗ್ಗೆ. ತಾನು ರಾತ್ರಿಯಿಡೀ ಮೊಣಕಾಲೂರಿ ಕೇಳಿಕೊಂಡಾಗ ಎಲ್ಲಿ ಹೋಗಿದ್ದಿ ಎಂದು ಕೂಡ. ಕೊನೆಗೆ ಅಳುತ್ತಲೇ, ಹ್ಯಾಂಡ್‌ಬಿಲ್ಲನ್ನು ತಟ್ಟೆಯಲ್ಲಿ ಯಾಕೆ ಬಿಟ್ಟಿ ಎಂದೂ ಕೇಳಿದಳು. ಆಯಿಗೆ ಅದು ಅರ್ಥವಾಗಲಿಲ್ಲ. ಆದರೂ, "ಹಾಂ, ಅದನ್ನೂ ಹೇಳು," ಎಂದು ಮೇಲಿನವನಿಗೆ ಗದರಿದಳು.

ಓಣಿಯ ಆ ತುದಿಯಿಂದ ಹಾಡಿನ ಗುಂಪು ಬರುವ ಸದ್ದು ಕೇಳಿತು. ಆಯಿ ಮೊಣಕಾಲು ಹಿಡಿದುಕೊಂಡು ಎದ್ದಳು.

"ಇವತ್ತಿಗಿ ಸಾಕು. ನಾಳಿ ಅವನ ಮಗ ಹುಟ್ಟಿದ ದಿನ. ಕೂಸು ಹುಟ್ಟಿದ ಮನಿ ಮುಂದ ಜಗಳ ಮಾಡಬಾರ್ದು. ನಾನೂ ಹಡದಾಕಿ ಇದ್ದೀನಿ, ನನಗ ಗೊತ್ತದ. ನಡಿ, ಹಾಡಾವ್ರಿಗಿ ಚಹಾ ಇಡಮಿ."

"ಆಮೆನ್ ಅನ್ಲಿಲ್ಲಲ್ಲ ಆಯಿ?"

"ಇನ್ನಾ ಮುಗ್ದಿಲ್ಲಲ್ಲ? ನಾಡಿದ್ದು ಮತ್ತ ಹಿಡ್ಕೊಂಡ್ರಾಯ್ತು ಅವನನ್ನ."

ಆಯಿ ಒಳಗೆ ಹೋದಳು. ಸಲೋಮಿ ಇನ್ನೂ ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕುಳಿತಿದ್ದಳು. ಮೇಲಿನಿಂದ ಉತ್ತರವೇನೂ ಬಂದಿರಲಿಲ್ಲ. ಆದರೆ ಕೇಳುವುದು ಇನ್ನೂ ಬಹಳ ಉಳಿದಿತ್ತು. ಅವುಗಳಲ್ಲಿ ನಾಡಿದ್ದು ಮೊದಲು ಯಾವುದನ್ನು ಕೇಳಬೇಕೆಂದು ಆರಿಸಿಕೊಂಡು, ಅವಳು ಎದ್ದು ಚಹಾದ ಕಪ್ಪು ತೊಳೆಯಲು ಹೋದಳು.