ಹಿಂದಿನ ಸೀಟಿನ ಮಾತು

"ನಿಮ್ಮ ಕಾರಿಗೆ ಹಾರ್ನ್ ಇಲ್ವಾ?"

ಮಹಾಲಕ್ಷ್ಮೀಯ ಎದೆ ಇನ್ನೂ ಡವಗುಟ್ಟುತ್ತಿತ್ತು. ಭಾನುವಾರ ಮುಚ್ಚಿದ್ದ ಅಕ್ಕಿ ಗಿರಣಿಯ ಅಂಗಳದಲ್ಲಿ ನಿಂತಿದ್ದ ಅವಳ ಬೆನ್ನ ಹಿಂದೆಯೇ ಆ ನೀಲಿ ಕಾರು ಸದ್ದಿಲ್ಲದೆ ಬಂದು ನಿಂತಿತ್ತು.

"ಇದೆ. ಒತ್ತಿದ್ರೆ ನೀವು ಬೆಚ್ಚಿಬೀಳ್ತೀರಿ ಅಂತ ಒತ್ತಲಿಲ್ಲ," ಎಂದ ಒಳಗಿದ್ದವನು.

"ಈಗ ಬೀಳಲಿಲ್ವಾ?"

"ಬಿದ್ರಿ. ತಪ್ಪಾಯ್ತು."

ಅವನು ನಕ್ಕ. ಅವಳಿಗೆ ಕೋಪ ಬರಬೇಕಿತ್ತು... ಬರಲಿಲ್ಲ.

ಅವನು ಗಜಾನನ, ಸಾಗರದ ಮುಕುಂದಯ್ಯನವರ ಮಗ. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿಸಿ ಹೊರಡುವ ದೊಡ್ಡ ಗುತ್ತಿಗೆದಾರರ ವಿದೇಶಿ ಕಾರುಗಳಿಗೆ ಗಿರಾಕಿ ಹುಡುಕಿಕೊಡುವುದು ಅವನ ಕಸುಬು. ತೀರ್ಥಹಳ್ಳಿಯಲ್ಲಿ ಅವನಿಗೆ ಸಿಕ್ಕ ಗಿರಾಕಿ ಮಹಾಲಕ್ಷ್ಮೀಯ ದೊಡ್ಡಮ್ಮ ನಾಗರತ್ನಮ್ಮ.

ಗಂಡ ಹೋದ ಮೇಲೆ ಗಿರಣಿಯನ್ನು ತಾನೇ ನಡೆಸಿ, ಅದರ ಗದ್ದಲದಲ್ಲಿ ಕಿವಿ ಮಂದ ಮಾಡಿಕೊಂಡ ಹೆಂಗಸು ಆಕೆ. ತಾಯಿಯಿಲ್ಲದ ಮಹಾಲಕ್ಷ್ಮೀಯನ್ನು ಸಾಕಿ, ಓದಿಸಿ, ಶಾಲೆಯಲ್ಲಿ ಟೀಚರ್ ಆಗುವ ತನಕ ಬೆಳೆಸಿದವರೂ ಆಕೆಯೇ.

"ನಂಗೆ ಚಂದದ ಕಾರು ಬೇಡ ಮಾರಾಯ," ಎಂದರು ನಾಗರತ್ನಮ್ಮ. "ಇವಳು ಮಾತಾಡಿದ್ದು ಕೇಳ್ಬೇಕು. ಕೂಗಿ ಹೇಳಿದ್ದಲ್ಲ, ಮಾಮೂಲಿ ಹೇಳಿದ್ದು."

ಪರೀಕ್ಷೆಯನ್ನು ಅವರೇ ಕಂಡುಹಿಡಿದರು. ತಾವು ಮುಂದೆ ಕೂರುವುದು, ಮಹಾಲಕ್ಷ್ಮೀ ಹಿಂದೆ ಕೂತು ಎಂದಿನ ದನಿಯಲ್ಲಿ ಹದಿಮೂರರ ಮಗ್ಗಿ ಹೇಳುವುದು. ಕೇಳಿಸಿದ್ದನ್ನು ಅವರು ತಿರುಗಿ ಹೇಳುವುದು. ಎಲ್ಲ ಕಾರಿಗೂ ಅದೇ ಅರಳಸುರಳಿಯ ರಸ್ತೆ, ಅದೇ ವೇಗ, ಅದೇ ಮಗ್ಗಿ.

ಹೊರಗೆ ಸದ್ದೇ ಇಲ್ಲದ ನೀಲಿ ಕಾರು ಒಳಗೆ ಗುಂಯ್ ಎನ್ನುತ್ತಿತ್ತು. ಮರುವಾರದ ಬಿಳಿ ಕಾರಿನಲ್ಲಿ ಏರು ಬಂದಾಗಲೆಲ್ಲ ಮಗ್ಗಿ ಮುಳುಗಿಹೋಗುತ್ತಿತ್ತು.

"ಕಿಟಕಿ ರಬ್ಬರ್ ಒಣಗಿದೆ, ಗಾಳಿ ನುಗ್ತಿದೆ. ಇದು ಬೇಡ," ಎಂದ ಗಜಾನನ.

ಮಾರುವವನೇ ಬೇಡ ಅನ್ನುತ್ತಾನಲ್ಲ... ಮಹಾಲಕ್ಷ್ಮೀಗೆ ಅದು ಹಿಡಿಸಿತು.

"ನಿಮ್ಮ ಮಗ್ಗಿ ನಂಗೂ ಬಾಯಿಪಾಠ ಆಯ್ತು ಟೀಚರಮ್ಮ," ಎಂದ ಅವನು, ಕಾರು ನಿಲ್ಲಿಸಿ.

"ಹದಿಮೂರೇಳ್ಲೆ ಎಷ್ಟು?"

"ತೊಂಬತ್ತೊಂದು."

"ಪಾಸು."

ಆ ವಾರವೆಲ್ಲ ಅವಳು ಭಾನುವಾರಕ್ಕಾಗಿ ಕಾದಳು. ಆದರೆ ಭಾನುವಾರಕ್ಕೆ ಮುಂಚೆ ಬೇರೆ ಸುದ್ದಿ ಬಂತು. ಶಿವಮೊಗ್ಗದಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ಮೂರನೆಯ ಕಾರು ಹಳೆಯ ಅಮೆರಿಕನ್ ಕಾರು. ಸೋಫಾದಂಥ ಸೀಟು, ಆದರೆ ಇಂಜಿನ್ನಿನ ಸದ್ದು ಕಾಲಡಿಯಿಂದಲೇ ಏಳುತ್ತಿತ್ತು.

"ಏನೂ ಕೇಳಲ್ಲ ಕಣೆ," ಎಂದರು ನಾಗರತ್ನಮ್ಮ. "ಆದ್ರೂ ಹೇಳ್ತಾ ಇರು, ಮುಂದೆ ರಸ್ತೆ ಚೆನ್ನಾಗಿದೆ, ಅಲ್ಲಿ ಕೇಳಬಹುದು."

ಮಹಾಲಕ್ಷ್ಮೀ ಮುಂದಕ್ಕೆ ಬಾಗಿ ಗಜಾನನನ ಹೆಗಲ ಹಿಂದೆಯೇ ಮಗ್ಗಿಯ ರಾಗದಲ್ಲೇ ಹೇಳಿದಳು. "ಶಿವಮೊಗ್ಗದವರು ನನ್ನ ನೋಡೋಕೆ ಬರ್ತಿದಾರೆ. ನಂಗೆ ಅವರು ಬೇಡ. ನೀವು ಕೇಳೋದಾದ್ರೆ... ಒಪ್ತೀನಿ."

ಅವನ ಕಿವಿ ಕೆಂಪಗಾದದ್ದು ಕಂಡಿತು. ಅವನು ತಿರುಗಲಿಲ್ಲ. ಗೇರ್ ಬದಲಿಸಿದ, ಅಷ್ಟೇ. ಮನೆ ಮುಂದೆ ಇಳಿಸಿ, "ಇದೂ ಬೇಡ ಅಮ್ಮ," ಎಂದು ಹೊರಟುಹೋದ.

ಕೇಳಿಸಿದೆ. ಕೇಳಿಸಿಯೂ ಸುಮ್ಮನಿದ್ದಾನೆ. ಹೆಣ್ಣಾಗಿ ನಾನೇ ಬಾಯಿಬಿಟ್ಟೆನಲ್ಲ... ಆ ವಾರ ಅವಳು ಮಕ್ಕಳಿಗೆ ಬರೆಸುತ್ತಿದ್ದಾಗಲೂ ಅದೇ ಯೋಚನೆ.

ನಾಲ್ಕನೆಯ ಭಾನುವಾರ ಕಪ್ಪು ಜರ್ಮನ್ ಕಾರು ಬಂತು. ಬಾಗಿಲು ಹಾಕಿದ್ದೇ ತಡ, ಹೊರಗಿನ ಲೋಕವನ್ನು ಹೊರಗೇ ಬಿಟ್ಟಂತಾಯಿತು. ನಾಗರತ್ನಮ್ಮ ಮಗ್ಗಿಯನ್ನು ಒಂದೊಂದಾಗಿ ತಿರುಗಿ ಹೇಳುತ್ತ ಮಗುವಿನಂತೆ ಹಿಗ್ಗಿದರು.

ಮಹಾಲಕ್ಷ್ಮೀ ಮಗ್ಗಿಯನ್ನು ನಡುವೆಯೇ ನಿಲ್ಲಿಸಿದಳು. ಅಳುವುದಕ್ಕೂ ಮರೆಯಿಲ್ಲದ ಕಾರು ಅದು.

"ಯಾಕೆ ಮೂಗು ಎಳೀತಿದೀ?"

"ಶೀತ ದೊಡ್ಡಮ್ಮ."

"ಶೀತ ಅಲ್ಲ ಅದು. ನಂಗೀಗ ಎಲ್ಲ ಕೇಳತ್ತೆ."

ಹೊಸನಗರದ ಹತ್ತಿರ ಗಜಾನನ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ.

"ಅಮ್ಮ, ಈ ಕಾರನ್ನ ನಾನು ನಿಮಗೆ ಮಾರಲ್ಲ. ಮಾಲೀಕರನ್ನೇ ನಿನ್ನೆ ಒಪ್ಪಿಸಿದೀನಿ, ನೇರ ಅವರ ಹತ್ರ ತಗೊಳ್ಳಿ. ನಂಗೆ ಕಮಿಷನ್ ಬೇಡ."

"ಯಾಕೋ?"

"ಕಮಿಷನ್ ತಗೊಂಡ ಮನೇಲಿ ಹೆಣ್ಣು ಕೇಳಬಾರದು ಅಂತ ನಮ್ಮ ಕಸುಬಲ್ಲಿ ಒಂದು ರೀತಿ ಇದೆ. ಕಾರಿನ ಜೊತೆ ಹುಡುಗೀನೂ ಗಿಟ್ಟಿಸ್ಕೊಂಡ ಅಂತಾರೆ. ಆ ಮಾತು ಅವರಿಗೆ ಬರಬಾರದು."

"ಯಾರಿಗೆ?"

"ಹಿಂದೆ ಕೂತವರಿಗೆ."

ನಾಗರತ್ನಮ್ಮ ಹಿಂದಕ್ಕೆ ತಿರುಗಿ ಮಹಾಲಕ್ಷ್ಮೀಯ ಮುಖ ನೋಡಿದರು.

"ಇವಳ ಮಾತು ಕೇಳ್ಬೇಕು ಅಂತ ಕಾರು ಹುಡುಕಿದೆ. ಕಾರು ಸಿಕ್ತು, ಮಾತಾಡೋಳನ್ನ ನೀನು ಕರ್ಕೊಂಡು ಹೊರಟೆ..." ಆಮೇಲೆ ಸೆರಗು ಸರಿಮಾಡಿಕೊಂಡರು. "ಇರ್ಲಿ. ಸಾಗರಕ್ಕೆ ಬಂದು ಹೋಗೋಕೂ ಒಂದು ಕಾರು ಬೇಕಲ್ಲ. ಶಿವಮೊಗ್ಗದವರಿಗೆ ನಾನು ಹೇಳ್ಕೋತೀನಿ. ಇವಳನ್ನ ಕೇಳಿದ್ಯಾ?"

"ಇಲ್ಲ. ಈಗ ಕೇಳ್ಬೇಕು."

ಮೊದಲು ಅವಳೇ ಬಾಯಿಬಿಟ್ಟದ್ದನ್ನು ಹೇಳದೆ ಅವನು ಅವಳ ಮಾನ ಕಾಪಾಡಿದ್ದ; ಅದು ಮಹಾಲಕ್ಷ್ಮೀಗೆ ತಿಳಿಯಿತು.

"ಹಾಗಾದ್ರೆ ಕೇಳು. ನಂಗೆ ಕಾಲು ಹಿಡಿದಿದೆ, ಒಂಚೂರು ಓಡಾಡಿ ಬರ್ತೀನಿ." ದೊಡ್ಡಮ್ಮ ಇಳಿದು ಬಾಗಿಲು ಹಾಕಿದರು.

ಗಜಾನನ ಮೊದಲ ಸಲ ಹಿಂದಕ್ಕೆ ತಿರುಗಿ ಕೂತ.

"ಹೋದ ವಾರ ಎಲ್ಲ ಕೇಳಿಸಿತ್ತು."

"ಗೊತ್ತು. ಒಂದು ಮಾತು ಆಡಬಹುದಿತ್ತು."

"ಅವತ್ತು ದಲ್ಲಾಳಿಯಾಗಿ ಬಂದಿದ್ದೆ. ಮಾತಾಡಿದ್ರೆ ದೊಡ್ಡಮ್ಮಂಗೆ ಮೋಸ ಮಾಡ್ದಂಗೆ."

"ನಂಗೆ ಮಾಡಿದ್ದು?"

ಅವನು ತಲೆ ತಗ್ಗಿಸಿದ. "ಅದಕ್ಕೆ ಏನು ಮಾಡ್ಲಿ, ನೀವೇ ಹೇಳಿ."

"ಮೊದಲು 'ನೀವು' ಅನ್ನೋದು ಬಿಡಿ."

"ಮಹಾಲಕ್ಷ್ಮೀ... ನನ್ನ ಮದುವೆ ಆಗ್ತೀಯಾ?"

"ಹ್ಞೂಂ," ಎಂದಳು. ಉಸಿರಿಗಿಂತ ಮೆಲ್ಲಗೆ.

ಅವನು ನಕ್ಕ, ಮಾತಾಡಲಿಲ್ಲ.

"ಕೇಳಿಸ್ತಾ?"

"ಕೇಳಿಸ್ತು."

"ಕೇಳಿಸಿದ್ರೆ ಸುಮ್ನಿರಬೇಡಿ."

"ಇನ್ನು ಇರಲ್ಲ," ಎಂದ ಅವನು.