ಪೋಸ್ಟರ್‌ನಲ್ಲಿದ್ದಷ್ಟು ನೀರು

ಅಯ್ಯೋ ದೇವರೇ... ಅವನೇ!

ಜಲಪಾತದ ಗೇಟಿನ ಮುಂದೆ ಪ್ರವಾಸಿಗರನ್ನು ಸಾಲಾಗಿ ನಿಲ್ಲಿಸುತ್ತಿದ್ದ ಗೈಡ್ ಹುಡುಗಿಯ ಎದೆ ಧಸಕ್ಕೆಂದಿತು. ಸಾಲಿನ ಕೊನೆಯಲ್ಲಿ ಹೆಗಲಿಗೆ ಬ್ಯಾಗು ಏರಿಸಿಕೊಂಡು ನಿಂತಿದ್ದವನು ಬೇರೆ ಯಾರೂ ಅಲ್ಲ, ವರ್ಷದಿಂದ ಅವಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ಪೋಸ್ಟರ್ ಹುಡುಗ! ಸಂಜೆ ಬರಬೇಕಾದವನು ಮಧ್ಯಾಹ್ನವೇ ಬಂದು, ಅವಳ ಗುಂಪಿಗೇ ಸೇರಿಕೊಂಡುಬಿಟ್ಟಿದ್ದ.

ದೂರದ ನಗರದ ಮುದ್ರಣಾಲಯದಲ್ಲಿ ಪೋಸ್ಟರ್‌ಗಳ ಚಿತ್ರ ತಿದ್ದುವುದು ಅವನ ಕೆಲಸ. ಈ ಜಲಪಾತದ ಪೋಸ್ಟರ್‌ಗೆಂದು ಗೇಟಿನ ಸಮಯ ಕೇಳಲು ಮೊದಲು ಫೋನ್ ಮಾಡಿದ. ಆಮೇಲೆ ಊಟ ಆಯ್ತಾ ಅಂತ ಕೇಳಲು ಮಾಡಿದ. ಆಮೇಲೆ ನೆಪವೇ ಬೇಕಾಗಲಿಲ್ಲ.

ಇಬ್ಬರೂ ಇನ್ನೂ ಮುಖಾಮುಖಿ ಆಗಿರಲಿಲ್ಲ; ಅವನ ಮುಖ ಅವಳಿಗೆ ಅವನು ಕಳಿಸಿದ ಫೋಟೋದಿಂದಷ್ಟೇ ಗೊತ್ತು. ಅವನು ಫೋಟೋ ಕೇಳಿದಾಗ ಅವಳು ಕಳಿಸಿದ್ದು, ಅಕ್ಕ ಹಟ ಮಾಡಿ ಸ್ಟುಡಿಯೋದಲ್ಲಿ ತೆಗೆಸಿದ್ದನ್ನು. ಅವಳ ಎಡಗಣ್ಣಿನ ಸುತ್ತ ಕೆನ್ನೆಯವರೆಗೂ ಹರಡಿದ್ದ ತೊನ್ನಿನ ಬಿಳಿ ಮಚ್ಚೆ ಅದರಲ್ಲಿ ಇರಲಿಲ್ಲ. ಸ್ಟುಡಿಯೋದವನು ಅಳಿಸಿಬಿಟ್ಟಿದ್ದ.

'ಸಂಜೆ ಹೇಗಾದರೂ ಧೈರ್ಯ ಮಾಡಿ ಹೇಳೋಣ ಅಂದ್ಕೊಂಡಿದ್ದೆ... ಈಗಲೇ ಬಂದು ನಿಂತನಲ್ಲಪ್ಪಾ!'

ದೊಡ್ಡ ಕಪ್ಪು ಕನ್ನಡಕ, ಬಿಸಿಲಿಗೆಂದು ಮುಖಕ್ಕೆ ಸುತ್ತಿದ ಸ್ಕಾರ್ಫ್ ಅವಳನ್ನು ಸದ್ಯಕ್ಕೆ ಕಾಪಾಡಿದವು. ಆದರೆ ದನಿ? 'ಬನ್ನಿ' ಅಂದರೂ ಸಾಕು, ಅವನಿಗೆ ಗೊತ್ತಾಗಿಬಿಡುತ್ತದೆ!

ಹಾಗಾಗಿ, ಬೆಳಗಿನಿಂದ ಸಂಜೆವರೆಗೆ ಬಾಯಿ ನಂಬಿ ಬದುಕುವ ನಮ್ಮ ಗೈಡಮ್ಮ ತುಟಿ ಹೊಲಿದುಕೊಂಡು, ಕೊಡೆಯಲ್ಲೇ ದಾರಿ ತೋರಿಸುತ್ತಾ ಹೊರಟಳು.

"ಏನಮ್ಮಾ, ಗೈಡು ಅಂದ್ರೆ ಮಾತಾಡ್ಬೇಕಲ್ವಾ? ಕೊಡೆ ನಮ್ಮನೇಲೂ ಇದೆ!" ಅಜ್ಜಿಯೊಬ್ಬಳು ಕಿಚಾಯಿಸಿದಳು.

ಅವಳು ಗಂಟಲು ಮುಟ್ಟಿ ತೋರಿಸಿ, ದನಿ ಹೋಗಿದೆ ಎಂಬಂತೆ ತಲೆಯಾಡಿಸಿದಳು.

ಮುಂದಿನ ತಿರುವಿನಲ್ಲಿ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಪೋಸ್ಟರ್ ನೋಡಿ ಆಸೆಪಟ್ಟು ಬಂದವರು, ಬಂಡೆಯ ಮೇಲೆ ನಲ್ಲಿ ನೀರಿನಂತೆ ಇಳಿಯುವ ಜಲಪಾತ ಕಂಡು ಪೆಚ್ಚಾಗುತ್ತಾರೆ. ಆ ಮುಖಗಳನ್ನು ಅವಳು ದಿನಾ ನೋಡುತ್ತಾಳೆ. ತನ್ನನ್ನು ನೋಡಿ ಅವನ ಮುಖವೂ ಹಾಗೇ ಬಾಡಿದರೆ? ಅದನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಜಲಪಾತ ಕಾಣುವ ಕಟ್ಟೆ ಬಂತು. ಎಲ್ಲರೂ ನೀರು ನೋಡಿದರು. ಅವಳು ಅವನನ್ನು ನೋಡಿದಳು.

ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಇದೇನ್ರೀ ಮೋಸ!" ದಪ್ಪ ಮೀಸೆಯ ಯಜಮಾನರೊಬ್ಬರು ಜೊತೆಗೆ ತಂದಿದ್ದ ಪೋಸ್ಟರನ್ನು ಅವಳ ಮೂಗಿಗೇ ಹಿಡಿದರು. "ಇದರಲ್ಲಿ ನೋಡಿದ್ರೆ ಸಮುದ್ರವೇ ಬೀಳ್ತಿದೆ. ಅಲ್ಲಿ ನೋಡಿದ್ರೆ ನಮ್ಮನೆ ಬಚ್ಚಲೇ ವಾಸಿ! ಮಾತಾಡಮ್ಮಾ, ನಾಚಿಕೆ ಆಗಲ್ವಾ?"

ಅವಳು ಹಿಂದೆ ಸರಿದಳು. ಬೆನ್ನಿಗೆ ಕಂಬಿ ತಾಗಿತು.

"ಅವರನ್ನ ಯಾಕೆ ಬೈತೀರಾ ಸಾರ್?" ಅವನು ನಡುವೆ ಬಂದು ನಿಂತ. "ಬೈಯೋದಾದ್ರೆ ನನ್ನನ್ನ ಬೈಯಿರಿ. ಆ ನೀರು ಹಾಕಿದ್ದು ನಾನು!"

ಯಜಮಾನರು ಪೋಸ್ಟರನ್ನೂ ಅವನನ್ನೂ ತಿರುಗಿ ತಿರುಗಿ ನೋಡಿದರು.

"ಪ್ರತಿವರ್ಷ ಹಳೇ ಪೋಸ್ಟರನ್ನೇ ತಿದ್ದಿ ಹೊಸದು ಮಾಡ್ತೀವಿ. ಓನರ್ 'ನೀರು ಇನ್ನೊಂಚೂರು' ಅಂತಾರೆ, ನಾನು ಸೇರಿಸ್ತೀನಿ. ಸೇರಿಸ್ತಾ ಸೇರಿಸ್ತಾ ಇಷ್ಟಾಗಿದೆ. ಈ ಜಾಗ ನಾನು ನೋಡ್ತಿರೋದೇ ಇವತ್ತು." ಅವನ ದನಿ ಕುಸಿಯಿತು. "ನಾನು ಮದುವೆ ಆಗ್ಬೇಕು ಅಂತಿರೋ ಹುಡುಗಿ ಇಲ್ಲೇ ಗೈಡು. ಜನ ಬೈತಾರೆ ಅಂತ ಅವಳು ಅತ್ತಾಗ ನಾನು ನಕ್ಕಿದ್ದೆ. ಆ ಬೈಗುಳ ಎಲ್ಲ ನನಗೆ ಸೇರಬೇಕಾದ್ದು. ಇನ್ನು ಯಾವ ಮುಖ ಹೊತ್ಕೊಂಡು ಅವಳ ಮುಂದೆ ನಿಲ್ಲಲಿ?"

ಅಷ್ಟೇ. ತಲೆ ತಗ್ಗಿಸಿ, ಬಸ್ಸುಗಳು ನಿಂತಿದ್ದ ಕಡೆ ಹೊರಟೇಬಿಟ್ಟ.

'ಸುಮ್ಮನಿದ್ದರೆ ಹೋಗಿಬಿಡ್ತಾನೆ... ಕರೆದರೆ ನನ್ನ ನೋಡ್ತಾನೆ!' ಯಾವುದಕ್ಕೆ ಹೆಚ್ಚು ಹೆದರಬೇಕೋ ತಿಳಿಯದೆ ಅವಳು ಕೊಡೆ ಹಿಡಿದು ನಿಂತಳು. ಅವನು ತಿರುವು ದಾಟುವಷ್ಟರಲ್ಲಿ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ರೀ... ನಿಲ್ರೀ!"

ಅವನು ಗಕ್ಕನೆ ನಿಂತ. ಆ ದನಿ!

ಅವಳು ಓಡಿಹೋಗಿ ಎದುರಿಗೆ ನಿಂತಳು. ಕನ್ನಡಕ ತೆಗೆದಳು. ಸ್ಕಾರ್ಫ್ ಬಿಚ್ಚಿದಳು. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

"ಫೋಟೋದಲ್ಲಿ ಇದನ್ನ ಅಳಿಸಿದ್ರು. ನಾನೂ ನಿಮಗೆ ಮೋಸಾನೇ ಮಾಡಿದ್ದು. ಹೋಗೋದಾದ್ರೆ ಈಗಲೇ ಹೋಗಿ... ನಾನು ಕಣ್ಣು ಬಿಡಲ್ಲ."

ಹೆಜ್ಜೆ ಸಪ್ಪಳ ಕೇಳಲಿಲ್ಲ.

"ಅಳಿಸಿದ್ದಾರೆ ಅಂತ ಅವತ್ತೇ ಗೊತ್ತಾಯ್ತು," ಅವನ ದನಿ ತೀರಾ ಹತ್ತಿರದಲ್ಲಿತ್ತು. "ದಿನಾ ಅದೇ ಕೆಲಸ ಮಾಡೋನಲ್ವಾ? ಒಂದು ಕೆನ್ನೆಗೆ ಒಂಥರಾ ಬೆಳಕು, ಇನ್ನೊಂದಕ್ಕೆ ಇನ್ನೊಂಥರಾ. ಏನನ್ನ ಮುಚ್ಚಿದ್ದಾರೆ ಅಂತ ಮಾತ್ರ ಗೊತ್ತಿರಲಿಲ್ಲ."

"ಮತ್ತೆ... ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ಫೋನ್ ಎತ್ತೋದೇ ಬಿಟ್ಬಿಟ್ರೆ? ಆ ಭಯಕ್ಕೆ ಸುಮ್ಮನಿದ್ದೆ ಕಣೇ!"

ಅವಳು ಮೆಲ್ಲಗೆ ಕಣ್ಣು ಬಿಟ್ಟಳು. ಅವನು ಮಚ್ಚೆಯನ್ನೂ ನೋಡುತ್ತಿದ್ದ, ಅವಳನ್ನೂ ನೋಡುತ್ತಿದ್ದ, ನಗುತ್ತಿದ್ದ, ಕಣ್ಣಲ್ಲಿ ನೀರು ತುಂಬಿತ್ತು.

"ಬಸ್ಸು ಹತ್ತೋಕೆ ಹೊರಟಿದ್ರಲ್ಲ..." ಅವಳು ಬಿಕ್ಕುತ್ತಲೇ ಆಕ್ಷೇಪಿಸಿದಳು.

"ನೀನು ಕರೀತೀಯ ಅಂತ ಗೊತ್ತಿದ್ರೆ ಇನ್ನೂ ನಿಧಾನಕ್ಕೆ ನಡೀತಿದ್ದೆ!" ಎಂದು ಅವನು ಕೈ ಚಾಚಿದ. "ನಂಗಿನ್ನೂ ಹೆದರಿಕೆ ಹೋಗಿಲ್ಲ ನೋಡು."

ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಂಗೂ ಹೋಗಿಲ್ಲ... ಬಿಡಬೇಡಿ. ಹೆದರೋದಾದ್ರೆ ಒಟ್ಟಿಗೇ ಹೆದರೋಣ."