ಗಿಡುಗನ ಒಂದೇ ಬೂಟು

"ಮುಚ್ಚಿ ಆ ಫೈಲನ್ನು. ದಯವಿಟ್ಟು ಮೊದಲು ಮುಚ್ಚಿ."

ಟೈಪಿಸ್ಟ್ ನಿಖಿತಾ ಅವನಿಗೆ ಹೇಳಿದ ಮೊದಲ ಮಾತೇ ಇದು. ಸುಳ್ಯ ಬಸ್‌ಸ್ಟ್ಯಾಂಡಿನ ಹಿಂದಿನ ಮುದ್ರಣಾಲಯಕ್ಕೆ ಆಗಷ್ಟೇ ಕಾಲಿಟ್ಟ ಯುವಕ ಕಂಗಾಲಾಗಿ ನಿಂತ. ಅವನು ಮೇಜಿನ ಮೇಲೆ ಬಿಚ್ಚಿಟ್ಟ ಹಸ್ತಪ್ರತಿಯಿಂದ ಎದ್ದ ವಾಸನೆ ನೇರವಾಗಿ ಅವಳ ಗಂಟಲಿಗಿಳಿದಿತ್ತು. ಹುಳಿತ ರಬ್ಬರ್ ಹಾಲು, ಹೊಗೆ, ಬೆವರು...

"ತಪ್ಪು ತಿಳ್ಕೊಳ್ಬೇಡಿ. ಗುತ್ತಿಗಾರಲ್ಲಿ ನಮ್ಮ ರಬ್ಬರ್ ತೋಟ ಉಂಟು. ರಬ್ಬರ್ ಶೀಟು ಒಣಗಿಸ್ಲಿಕ್ಕೆ ಹೊಗೆ ಹಾಕುವ ಕೋಣೆಯಲ್ಲೇ ಕೂತು ಬರೆಯುದು ನಾನು. ಅಲ್ಲಿಗೆ ಯಾರೂ ಬರುದಿಲ್ಲ."

"ಬರುದು ಹೇಗೆ ಮಾರಾಯ್ರೆ," ಎಂದಳು ಅವಳು, ಕರವಸ್ತ್ರ ಮೂಗಿಗೆ ಒತ್ತಿಕೊಂಡು.

ಅವನ ಹೆಸರು ದಿಶಾಂತ್. ತಂದದ್ದು ಗೂಢಚಾರರ ಕಾದಂಬರಿ. ಕೊನೆಯ ಅಧ್ಯಾಯ ಇನ್ನೂ ಬರೆಯಬೇಕಿತ್ತು.

"ಎಷ್ಟು ಪ್ರತಿ ಬೇಕು?"

"ನೋಡುವ."

"ಯಾವಾಗಕ್ಕೆ ಬೇಕು?"

"ನೋಡುವ..."

ನೋಡುವ! ವಾಸನೆಗಿಂತ ಹೆಚ್ಚು, ನೋಡೋಣ ಎಂದು ತಳ್ಳಿಹಾಕುವ ಆ ಒಂದು ಮಾತು ಅವಳಿಗೆ ವಾಕರಿಕೆ ತರಿಸಿತು. ಡ್ರಾಯರಿನಿಂದ ಒಂದು ದಪ್ಪ ಚೀಟಿ ತೆಗೆದು, ಅವನ ಹೆಸರು ಮತ್ತು ಮುಂದೆ ಬರಬೇಕಾದ ದಿನ ಗೀಚಿ ಅವನತ್ತ ತಳ್ಳಿದಳು.

ಆ ಚೀಟಿಯ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅದು ಅವಳದೇ ಮದುವೆಯ ಆಮಂತ್ರಣ ಕಾಗದದ ತುಂಡು.

ಎರಡು ವರ್ಷದ ಹಿಂದೆ ಈಶ್ವರಮಂಗಲದ ಸಂಪ್ರೀತ್ ಜೊತೆ ನಿಶ್ಚಿತಾರ್ಥವಾಗಿತ್ತು. ಕಾಗದವನ್ನು ಅವಳೇ ಟೈಪ್ ಮಾಡಿ, ಅವಳೇ ಬಣ್ಣ ಆರಿಸಿದ್ದಳು. ಹಾಲ್ ನೋಡಲು ಬರ್ತೀರಾ ಎಂದರೆ ಅವನು "ನೋಡುವ" ಎನ್ನುತ್ತಿದ್ದ. ಸೀರೆಗೆ ಹೋಗುವುದಾ ಎಂದರೂ "ನೋಡುವ". ಮದುವೆಗೆ ಮೂರು ವಾರ ಇರುವಾಗ ಅವನ ಫೋನ್ ಸ್ವಿಚ್ ಆಫ್ ಆಯಿತು. ಆಮೇಲೆ ಪತ್ತೆಯೇ ಇಲ್ಲ. ಮಸ್ಕತ್‌ನಲ್ಲಿದ್ದಾನೆ ಎಂದು ಒಬ್ಬರು, ಕಾಸರಗೋಡಿನಲ್ಲಿ ಬೇರೆ ಸಂಸಾರವೇ ಉಂಟು ಎಂದು ಇನ್ನೊಬ್ಬರು.

ಸತ್ತಿದ್ದರೆ ಅಳಬಹುದಿತ್ತು. ನೀನು ಬೇಡ ಎಂದು ಮುಖಕ್ಕೆ ಹೇಳಿದ್ದರೆ ಬಾಯಿತುಂಬ ಬೈಯಬಹುದಿತ್ತು. ಅವನು ಎರಡಕ್ಕೂ ಅವಕಾಶ ಕೊಡಲಿಲ್ಲ. ಇವಳು ಮಾತ್ರ ಎರಡು ವರ್ಷದಿಂದ ಪ್ರತಿ ಬಸ್ಸಿನ ಕಿಟಕಿಯನ್ನೂ ನೋಡುತ್ತಿದ್ದಳು, ಹಾಗೆ ನೋಡಿದ ತನ್ನ ಮೇಲೆ ತಾನೇ ಹೇಸಿಕೊಳ್ಳುತ್ತಿದ್ದಳು. ಅವನ ಉಂಗುರ ಡ್ರಾಯರಿನ ಪಿನ್ ಡಬ್ಬಿಯಲ್ಲಿ ಬಿದ್ದಿತ್ತು. ಉಳಿದ ಕಾಗದಗಳನ್ನು ಕಟಿಂಗ್ ಮೆಷಿನ್ನಿಗೆ ಕೊಟ್ಟು ಚೀಟಿ ಮಾಡಿದ್ದಳು. ಹಿಂಬದಿಯನ್ನು ಯಾರು ಓದುತ್ತಾರೆ?

ಕಾದಂಬರಿ ಟೈಪ್ ಮಾಡಲು ಕುಳಿತಳು. ಖಳನಾಯಕನ ಗುಪ್ತನಾಮ ಗಿಡುಗ. ದೇಶದ ರಹಸ್ಯಗಳನ್ನು ಮಾರುವವನು. ತಾರಾ ಎಂಬ ಹುಡುಗಿಯನ್ನು ಪ್ರೀತಿಸುವ ನಾಟಕವಾಡಿ, ಅವಳ ಕೈಯಿಂದಲೇ ಕಡತ ಕದಿಸುತ್ತಾನೆ. ಊಟ ಮಾಡುತ್ತ ಸುಳ್ಳು ಹೇಳುತ್ತಾನೆ, ಸುಳ್ಳು ಹೇಳಿ ಬೆರಳು ನೆಕ್ಕುತ್ತಾನೆ. ಥೂ! ಒಂದೊಂದು ಪುಟ ಮುಗಿದಾಗಲೂ ನಿಖಿತಾ ಎದ್ದು ಹೋಗಿ ಕೈ ತೊಳೆದು ಬರುತ್ತಿದ್ದಳು. ಆದರೂ ಮುಂದಿನ ಪುಟಕ್ಕೆ ಅವಸರ.

ದಿಶಾಂತ್ ವಾರಕ್ಕೊಮ್ಮೆ ಕರಡು ತಿದ್ದಲು ಬರುತ್ತಿದ್ದ. ಒಮ್ಮೆ ರಂಬುಟಾನ್ ತಂದ. ಇನ್ನೊಮ್ಮೆ ಕೈಗೆಲ್ಲ ನಿಂಬೆಹುಳಿ ತಿಕ್ಕಿಕೊಂಡು ಬಂದ.

"ಈಗ ವಾಸನೆ ಉಂಟಾ?"

"ಉಂಟು. ಜೊತೆಗೆ ನಿಂಬೆಹುಳಿಯದ್ದೂ ಉಂಟು."

ಅವನು ನಕ್ಕ. ಇವನು ಬರುವ ದಿನ ತಾನು ಬಸ್ಸಿನ ಕಿಟಕಿಗಳನ್ನು ನೋಡುವುದಿಲ್ಲ ಎಂಬುದು ಅವಳಿಗೆ ಸ್ವಲ್ಪ ತಡವಾಗಿ ಹೊಳೆಯಿತು. ಬೇಡ... ಇವನೂ 'ನೋಡುವ' ಜಾತಿಯವನೇ, ಎಂದು ಮನಸ್ಸನ್ನು ಗದರಿಸಿದಳು.

ಕೊನೆಗೂ ಕೊನೆಯ ಅಧ್ಯಾಯ ಬಂತು. ಉರಿಯುವ ದೋಣಿಯಿಂದ ಗಿಡುಗ ಹೊಳೆಗೆ ಹಾರುತ್ತಾನೆ. ಅವನ ಒಂದು ಬೂಟು ಮಾತ್ರ ದಡಕ್ಕೆ ಬರುತ್ತದೆ. ತಾರಾ ಅದನ್ನು ನೋಡುತ್ತ ನಿಲ್ಲುತ್ತಾಳೆ. ಅಷ್ಟೇ.

"ಅವನಿಗೆ ಎಂತ ಆಯ್ತು?" ನಿಖಿತಾ ಹಾಳೆಯ ಹಿಂಬದಿ ತಿರುಗಿಸಿ ನೋಡಿದಳು. "ಸತ್ತನಾ, ಇಲ್ವಾ?"

"ಅದು... ನೋಡುವ. ಓದುವವರಿಗೇ ಬಿಟ್ಟದ್ದು."

ಆ ಅಧ್ಯಾಯವೂ ಟೈಪ್ ಆಗಿ, ಅಚ್ಚಿಗೆ ಒಪ್ಪಿಗೆಯೆಂದು ಅವನು ಕರಡು ಪ್ರತಿಗೆ ಸಹಿ ಹಾಕುವಾಗ ಫೈಲಿನಿಂದ ಒಂದು ಚೀಟಿ ಜಾರಿತು. ಮೊದಲ ದಿನದ್ದು, ಜೋಪಾನವಾಗಿ ಇಟ್ಟದ್ದು. ಮೇಲ್ಮುಖವಾಗಿ ಬಿದ್ದದ್ದು ಹಿಂಬದಿ. 'ಚಿ. ಸೌ. ನಿಖಿತಾ...'

ಅವಳ ಮೈ ಉರಿಯಿತು. ಎಲ್ಲ ಗೊತ್ತಿತ್ತು ಇವನಿಗೆ. ತನ್ನ ಮರ್ಯಾದೆ ಹೋದದ್ದನ್ನೇ ಕಥೆ ಮಾಡಿ, ತನ್ನ ಕೈಯಿಂದಲೇ ಟೈಪ್ ಮಾಡಿಸಿದ್ದಾನೆ. ಎಂಥ ಹೊಲಸು ಬುದ್ಧಿ!

ಅವನು ಹೋದ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕುಳಿತು, ಬೂಟಿನ ಸಾಲಿನ ಕೆಳಗೆ ಟೈಪ್ ಮಾಡಿದಳು.

'ಮೂರನೆಯ ದಿನ ಹೆಣ ತೇಲಿತು. ತಾರಾ ಹೋಗಿ ನೋಡಿದಳು. ಅವನೇ. ಅವಳು ಮನೆಗೆ ಬಂದು, ತಲೆಗೆ ನೀರು ಹಾಕಿಕೊಂಡು, ಹೊಟ್ಟೆ ತುಂಬ ಊಟ ಮಾಡಿದಳು.'

ಹಾಗೆಯೇ ಅಚ್ಚಾಯಿತು.

ಪುಸ್ತಕ ಒಯ್ಯಲು ದಿಶಾಂತ್ ಬಂದದ್ದು ಶುಕ್ರವಾರ. ಮಾಲೀಕ ಮೊಯ್ದಿನಬ್ಬ ನಮಾಜಿಗೆ ಹೋಗಿದ್ದರು. ಅವನು ಮೇಲಿನ ಪ್ರತಿ ತೆಗೆದು, ಎಲ್ಲರ ಹಾಗೆ, ಕೊನೆಯ ಪುಟವನ್ನೇ ಮೊದಲು ಬಿಡಿಸಿದ. ಓದಿದ. ಮತ್ತೊಮ್ಮೆ ಓದಿದ.

"ಇದು ನಾನು ಬರೆದದ್ದಲ್ಲ."

"ನಾನು ಬರೆದದ್ದು. ಮೊಯ್ದಿನಬ್ಬರಿಗೆ ಹೇಳಿ, ನನ್ನ ಕೆಲಸ ಹೋಗ್ಲಿ." ನಿಖಿತಾ ತಲೆ ತಗ್ಗಿಸಲಿಲ್ಲ. "ಆದ್ರೆ ಗಿಡುಗ ಸತ್ತಿದ್ದಾನೆ. ನಾನು ಹೆಣ ನೋಡಿದ್ದೇನೆ. ಉಂಗುರ ಮೊನ್ನೆ ಈಶ್ವರಮಂಗಲಕ್ಕೆ ರಿಜಿಸ್ಟರ್ ಪೋಸ್ಟಲ್ಲಿ ಹೋಗಿ ಆಯ್ತು. ಇನ್ನು ನನ್ನ ಕಥೆ ಮಾರಿ ನೀವು ಹೆಸರು ಮಾಡುದು ಬೇಡ."

"ನಿಮ್ಮ ಕಥೆಯಾ?" ಅವನು ಬೆಚ್ಚಿದ. "ಗಿಡುಗನನ್ನು ಬರೆದು ಮೂರು ವರ್ಷ ಆಯ್ತು. ನೀವು ಯಾರು ಅಂತ ನನಗೆ ಆಗ ಗೊತ್ತೇ ಇರ್ಲಿಲ್ಲ."

"ಮತ್ತೆ ಆ ಚೀಟಿ?"

"ಮೊದಲ ದಿನವೇ ಹಿಂಬದಿ ಓದಿದೆ. ಮದುವೆ ಆಗಿದೆ ಅಂತ ಅಂದ್ಕೊಂಡೆ. ಬಂದವರಿಗೆಲ್ಲ ಅದೇ ಚೀಟಿ ಕೊಡುದು ನೋಡಿ ಮೊಯ್ದಿನಬ್ಬರ ಹತ್ರ ಕೇಳಿದೆ, ಮದುವೆ ನಿಂತುಹೋದದ್ದು ಆಗ ಗೊತ್ತಾಯ್ತು." ಅವನು ಪುಸ್ತಕದ ಅಂಚು ಸವರಿದ. "ಅದ್ರಲ್ಲಿ ನಿಮ್ಮ ಹೆಸರು ಇತ್ತಲ್ಲ... ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ನಿಖಿತಾ ಕುರ್ಚಿ ಎಳೆದು ಕುಳಿತಳು.

"ಮೊದಲು ಯೋಚಿಸಿದ ಕೊನೆಯ ಅಧ್ಯಾಯದಲ್ಲಿ ಗಿಡುಗ ಗುಂಡು ತಗುಲಿ ಸಾಯ್ತಿದ್ದ. ಅದನ್ನು ಬಿಟ್ಟು ಬೂಟು ಬರೆದೆ."

"ಯಾಕೆ?"

"ಅವನು ಸತ್ರೆ ಪುಸ್ತಕ ಮುಗೀತದೆ. ಬದುಕಿದ್ರೆ ಎರಡನೇ ಭಾಗ ಬರೀಬಹುದು. ಅದನ್ನು ತಗೊಂಡು... ಮತ್ತೆ ಇಲ್ಲಿಗೆ ಬರಬಹುದು." ಅವನು ಪುಸ್ತಕ ಮುಚ್ಚಿದ. "ಈಗ ನೀವು ಕೊಂದೇ ಹಾಕಿದ್ರಿ. ಇನ್ನು ನಾನು ಬರುದು ಹೇಗೆ?"

ಎರಡು ವರ್ಷದಿಂದ ಗಂಟಲಲ್ಲಿ ಕಟ್ಟಿದ್ದ ಹೇಸಿಗೆ ನಗುವಾಗಿ ಹೊರಗೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. ನಗುತ್ತ ನಗುತ್ತ ಕಣ್ಣು ತುಂಬಿಬಂತು.

"ಥೂ... ನನ್ನನ್ನು ನೋಡ್ಲಿಕ್ಕೆ ಅಂಥ ಹೊಲಸು ಮನುಷ್ಯನನ್ನು ಬದುಕಿಸಿ ಇಟ್ರಾ? ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ?"

"ಇತ್ತು. ಧೈರ್ಯ ಇರ್ಲಿಲ್ಲ. ಈಗ ಹೇಳ್ತೇನೆ. ನೀವಂದ್ರೆ ನನಗೆ ತುಂಬ ಇಷ್ಟ."

"ಹೆಣ ಪುಸ್ತಕದಲ್ಲಿ ಹಾಗೇ ಇರ್ಲಾ?"

"ಇರ್ಲಿ. ನನ್ನ ಬೂಟಿಗಿಂತ ನಿಮ್ಮ ಊಟವೇ ಒಳ್ಳೆದುಂಟು."

ಅವಳು ಕಣ್ಣೊರೆಸಿಕೊಂಡು ಡ್ರಾಯರ್ ಎಳೆದಳು. ಹಳೆಯ ಚೀಟಿಗಳ ಕಟ್ಟನ್ನು ಹಾಗೆಯೇ ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಹೊಸ ಬಿಳಿ ಹಾಳೆಯೊಂದನ್ನು ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದಳು.

"ನಮ್ಮ ಮನೆಗೆ ಯಾವಾಗ ಬರ್ತೀರಿ?"

"ನೋಡು..." ಅವನು ನಾಲಿಗೆ ಕಚ್ಚಿಕೊಂಡ. "ಈ ಆದಿತ್ಯವಾರ. ಬೆಳಗ್ಗೆ ಹತ್ತು ಗಂಟೆಗೆ. ಅಮ್ಮನನ್ನೂ ಕರ್ಕೊಂಡು ಬರ್ತೇನೆ."

ಅವಳು ದಿನ, ಗಂಟೆ ಎರಡನ್ನೂ ಬರೆದು ಹಾಳೆಯನ್ನು ಅವನ ಕೈಗಿಟ್ಟಳು. ಮತ್ತೆ ಕಸಿದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದಳು. ಅವನು ಅದನ್ನು ಗಟ್ಟಿಯಾಗಿ ಓದಿದ.

"ಸ್ನಾನ ಮಾಡಿ ಬರುವುದು."

"ಎರಡು ಸಲ," ಎಂದಳು ನಿಖಿತಾ.